ಪಕ್ಕದ ಮನೆಯ ಅಪ್‌ಗ್ರೇಡ್ ಇಂಜಿನಿಯರು

ನಮ್ಮ ಚೆಂಬೂರು ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಜಯಸಿಂಹ ಆಫೀಸುಗಳ ಕಂಪ್ಯೂಟರಿಗೆ, ಅದನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಕೊಡುವ ಇಂಜಿನಿಯರು. ಇವನು ಹಾಕಿ ಹೋದ ಮರುದಿನವೇ ಅಲ್ಲಿಯವರು ಟೈಪ್ ಮಾಡಿ ಕೆಲಸ ಮಾಡಿಸುತ್ತಿದ್ದ ಹಳೆಯ ಕಮಾಂಡುಗಳು ಕಾಣೆಯಾಗುತ್ತವೆ. ಕೇಳಿದರೆ, “ಎಲ್ಲೂ ಹೋಗಿಲ್ಲ ಅಜ್ಜೀ, ಇಟ್ಟ ಜಾಗ ಬದಲಾಗಿದೆ, ಬಸ್! ಮಷೀನಿಗೆ ದಾರಿ ಹೇಳ್ಬೇಕು” ಎನ್ನುತ್ತಾನೆ. ಆ ದಾರಿಯನ್ನು ನೀನೇ ಮಷೀನಿಗೆ ಹೇಳಿ ಬರಬಾರದೇ ಮಹಾರಾಯ ಎಂದರೆ, “ನೆಕ್ಸ್ಟ್ ವಿಸಿಟ್‌ನಲ್ಲಿ ನೋಡೋಣ!” ಅಷ್ಟರಲ್ಲಿ ಇವನೇ ಹೊಸದು ಹಾಕಿದ ಬಾಂದ್ರಾ ಆಫೀಸಿನಲ್ಲಿ ನನ್ನ ಸೊಸೆ ವನಮಾಲಾ ಬಾಯಿಪಾಠವಿದ್ದ ಕಮಾಂಡನ್ನೇ ಒತ್ತಿ ಒತ್ತಿ, ಮಷೀನು ಕೆಡಿಸಿದವಳೆನಿಸಿಕೊಂಡು ಕೆಲಸವನ್ನೇ ಕಳೆದುಕೊಂಡಳು. “ಅಪ್‌ಗ್ರೇಡ್ ಅಂದ್ರೆ ಅಡ್ಜಸ್ಟ್ ಮಾಡ್ಕೋಬೇಕು” ಎಂದ ಜಯಸಿಂಹ. ಇದೇ ಮನುಷ್ಯ, ಕಣ್ಣು ಕಾಣದ ತನ್ನ ತಾಯಿಯ ಉಪ್ಪಿನ ಡಬ್ಬಿಯನ್ನು ಹೆಂಡತಿ ಒಂದು ಗೇಣು ಸರಿಸಿದರೂ, “ಅಮ್ಮನ ಕೈಗೆ ಹೇಗೆ ಸಿಗ್ಬೇಕು ಅದು?” ಎಂದು ಸೂರು ಹಾರಿಹೋಗುವಂತೆ ಕೂಗಾಡುತ್ತಾನೆ. ಗೋಡೆಯ ಈಚೆ ಕುಳಿತು ವನಮಾಲಾ ಅದನ್ನು ಕೇಳಿಸಿಕೊಳ್ಳುತ್ತಾಳೆ.