ವಾಪಸ್ ಹೋದ ಹಾಲು

ಮಿರ್ಲೆ ಪಕ್ಕದ ನಮ್ಮೂರಲ್ಲಿ ಹೆಂಗಸರ ಡೈರಿ ಶುರುವಾಗಿ ಪವಿತ್ರಾ ಅದರ ಕಾರ್ಯದರ್ಶಿಯಾದಾಗ ಊರು ಒಳಗೊಳಗೇ ನಕ್ಕಿತು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ ಸಿಕ್ಕಿದಳೆಂದು ಕುರ್ಚಿ ಕೊಟ್ಟಿದ್ದಾರೆ, ನಾಲ್ಕು ದಿನ ಕೂತು ಎದ್ದು ಹೋಗುತ್ತಾಳೆ ಎಂದುಕೊಂಡರು. ಅವಳು ಏಳಲಿಲ್ಲ.

ನಮ್ಮ ಕಡೆ ಹಾಲಿಗೆ ನೀರು ಬೆರೆಸುವುದನ್ನು ಯಾರೂ ಪಾಪದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಜಾಣತನದ ಲೆಕ್ಕಕ್ಕೆ ಹಿಡಿಯುತ್ತಾರೆ. ಸಿಕ್ಕಿಬಿದ್ದರೆ "ಕ್ಯಾನು ತೊಳೆದ ನೀರು ಕಣವ್ವ, ತಳದಲ್ಲಿ ಉಳ್ಕಂಡಿತ್ತು" ಎಂದರಾಯಿತು. ಪವಿತ್ರಾ ಈ ತಳದ ನೀರನ್ನು ನಂಬಲಿಲ್ಲ. ಹಾಲಿನೊಳಗೆ ಗಟ್ಟಿತನ ನೋಡುವ ಗಾಜಿನ ಕಡ್ಡಿ ಇಳಿಬಿಡುತ್ತಿದ್ದಳು. ಅದು ಗುರುತು ದಾಟಿ ಮುಳುಗಿತೋ, "ಈ ಹಾಲು ಬ್ಯಾಡ, ವಾಪಸ್ ತಗಂಡೋಗಿ" ಎಂದು ಕ್ಯಾನನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಡೈರಿಯ ಅಧ್ಯಕ್ಷೆ ಸುನಂದಮ್ಮನ ಹಾಲೂ ಒಂದು ಸಲ ಹಾಗೆ ಮನೆಗೆ ಹೋಯಿತು. ಸುನಂದಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಒಳ್ಳೆ ಹಾಲು ತಂದರು.

ಗಂಡ ಉಮಾಶಂಕರ ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ನಾಲೆ ಬಯಲಲ್ಲಿ ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಹಾಲು ಕರೆದು, ಗದ್ದೆಗೆ ನೀರು ತಿರುಗಿಸಿ, ಚಿಕ್ಕಬಸಪ್ಪನ ಟೀ ಅಂಗಡಿಯಲ್ಲಿ ಪೇಪರು ಓದಿ ಬಂದರೆ ಅವನ ದಿನ ತುಂಬುತ್ತಿತ್ತು. ಪವಿತ್ರಾಳದು ಬೇರೆ ಬಗೆಯ ಜೀವ. ಒಂದು ಮೆಟ್ಟಿಲು ಹತ್ತಿದರೆ ಅವಳಿಗೆ ಇನ್ನೊಂದು ಕಾಣುತ್ತಿತ್ತು, ಕಂಡ ಮೇಲೆ ಸುಮ್ಮನೆ ನಿಲ್ಲಲು ಕಾಲು ಕೇಳುತ್ತಿರಲಿಲ್ಲ. ಭತ್ತದ ದುಡ್ಡು ಬಂದ ದಾರಿಯಲ್ಲೇ ಗೊಬ್ಬರದಂಗಡಿಗೆ ಹೋಗುತ್ತಿತ್ತು. ತಿಂಗಳಾ ತಿಂಗಳು ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಮಿಕ್ಸಿ ಬಂತು, ಟೀವಿ ಬಂತು, ಗಂಡನಿಗೊಂದು ಕೈಗಡಿಯಾರವೂ ಬಂತು. ಗಡಿಯಾರವನ್ನು ಅವನು ಕಟ್ಟಲೇ ಇಲ್ಲ. ಊರಲ್ಲಿ ಅವನಿಗೆ ಆಗಲೇ "ಸೆಕ್ರೇಟ್ರಿ ಗಂಡ" ಎಂದು ಹೆಸರು ಬಿದ್ದಿತ್ತು.

ತೊಂಬತ್ತೆಂಟರಲ್ಲಿ ಹುಣಸೂರು, ಎಚ್.ಡಿ. ಕೋಟೆ ಕಡೆ ಊರೂರಿಗೂ ಹೆಂಗಸರ ಡೈರಿಗಳು ಏಳತೊಡಗಿದವು. ಅವನ್ನೆಲ್ಲ ಸುತ್ತಿ ನೋಡಿಕೊಳ್ಳುವ ಮೇಲ್ವಿಚಾರಕಿಯ ಕೆಲಸಕ್ಕೆ ಪವಿತ್ರಾಳ ಹೆಸರು ಬಂತು. ಸಂಬಳ ಈಗಿನದರ ಮೂರರಷ್ಟು. ಆದರೆ ವಾರವೆಲ್ಲ ಹುಣಸೂರಲ್ಲಿ ಕೋಣೆ ಮಾಡಿಕೊಂಡಿರಬೇಕು.

"ಇರೋದು ಸಾಲ್ದಾ ನಿಂಗೆ?" ಎಂದ ಉಮಾಶಂಕರ.

"ಸಾಲ್ದು ಅಂತಲ್ಲ ಕಣ್ರೀ. ಆ ಕೆಲ್ಸ ನಂಗೆ ಬತ್ತದೆ. ಅದ್ಕೇ ಹೋಯ್ತೀನಿ ಅಂತಿರೋದು."

"ಊರೋರು ನನ್ನ ಏನಂತಾರೆ ಗೊತ್ತಾ?"

"ಊರೋರ ಮಾತು ಅಂಗಿರ್ಲಿ. ನೀವೇನಂತೀರಿ, ಅದೇಳಿ."

"ಹೋದ್ರೆ ಅಲ್ಲೇ ಇದ್ಬುಡು, ತಿರ್ಗಿ ಬರಬ್ಯಾಡ" ಎಂದು ಎದ್ದು ಹೋದ. ಮನೆಯವರ ಒಪ್ಪಿಗೆ ಕೇಳಲು ಮುಂದಿನ ವಾರ ಮೈಸೂರಿನ ಹಾಲು ಒಕ್ಕೂಟದಿಂದ ಅಧಿಕಾರಿಣಿ ಬರುವವರಿದ್ದರು. ಕೆಲಸವೋ ಗಂಡನೋ ಎನ್ನುವಲ್ಲಿಗೆ ಬಂದು ನಿಂತಿತು.

ಅಷ್ಟರಲ್ಲಿ ಟೀ ಅಂಗಡಿಯಲ್ಲಿ ಯಾರೋ ಅವನನ್ನು ಕೆಣಕಿದರು: "ನಿಂಗೇನ್ಲಾ, ಕಾವೇರಿ ನೀರ್ನೇ ತಂದು ಸುರುದ್ರೂ ನಿನ್ನೆಂಡ್ತಿ ಹಾಲು ಅಂತಾಳೆ." ಬುದ್ಧಿ ಇದ್ದವನು ನಕ್ಕು ಸುಮ್ಮನಾಗುತ್ತಿದ್ದ. ಉಮಾಶಂಕರ ಅದನ್ನು ತಲೆಗೆ ಹಚ್ಚಿಕೊಂಡ. ಹಾಗನ್ನುತ್ತಾಳೋ ಇಲ್ಲವೋ, ನೋಡಿಯೇ ಬಿಡೋಣ ಎನಿಸಿತು.

ಮಾರನೆಯ ಬೆಳಿಗ್ಗೆ, ದಿನವೂ ಅವನ ತಾಯಿ ಚಿಕ್ಕಮಾದಮ್ಮ ತರುತ್ತಿದ್ದ ಕ್ಯಾನನ್ನು ತಾನೇ ಹೊತ್ತು ತಂದು ಹೆಂಗಸರ ಸಾಲಿನಲ್ಲಿ ನಿಂತ. ಪವಿತ್ರಾ ಕಡ್ಡಿ ಇಳಿಬಿಟ್ಟಳು. ಅದು ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಇಳಿಯಿತು. ಅವಳು ತಲೆ ಎತ್ತಿ ನೋಡಿದಳು. ಗಂಡ ಅವಳನ್ನೇ ನೋಡುತ್ತಿದ್ದ. ಇವನು ಬೇಕೆಂದೇ ಮಾಡಿದ್ದಾನೆ ಎಂದು ಆ ಗಳಿಗೆಯಲ್ಲೇ ತಿಳಿಯಿತು. ಈ ಹಾಲನ್ನು ಒಪ್ಪಿಕೊಂಡುಬಿಟ್ಟರೆ ಮನೆ ತಣ್ಣಗಾಗುತ್ತದೆ, ಹುಣಸೂರಿಗೂ ಹೂಂ ಅಂದಾನು. ಆದರೆ ನಾಳೆಯಿಂದ ಯಾರ ಹಾಲನ್ನು ಯಾವ ಮುಖದಿಂದ ತಳ್ಳುವುದು?

"ಈ ಹಾಲು ಬ್ಯಾಡ. ವಾಪಸ್ ತಗಂಡೋಗಿ" ಎಂದಳು.

"ತಳದ ನೀರು ಕಣಮ್ಮಿ."

"ತಳದ ನೀರ್ಗೆ ಇಷ್ಟು ಮುಳುಗಲ್ಲ. ಮುಂದ್ಲೋರು ಬನ್ನಿ."

ಮುಂದಿನವರ ಹಾಲನ್ನು ಒಂದು ತೊಟ್ಟೂ ಚೆಲ್ಲದೆ ಅಳೆದಳು.

ಮನೆಯಲ್ಲಿ ಚಿಕ್ಕಮಾದಮ್ಮ ಅದೇ ಹಾಲನ್ನು ಕಾಯಿಸಿ ಲೋಟ ತುಂಬ ಮಗನ ಮುಂದಿಟ್ಟಳು. "ಕುಡಿಲಾ ಮಗಾ. ಅರ್ಧ ಹಸ ಕೊಟ್ಟುದ್ದು, ಅರ್ಧ ನೀನು ಕೊಟ್ಟುದ್ದು" ಎಂದಳು. ಸೊಸೆಯ ಕಡೆ ತಿರುಗಿ, "ನೀನು ಓಗೋದಾದ್ರೆ ಓಗು. ಅನೂನ ನಾನು ನೋಡ್ಕತೀನಿ" ಎಂದಳು. ಅನು ಅವರ ಮಗಳು, ಆಗಿನ್ನೂ ಎರಡನೇ ಕ್ಲಾಸು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಮಾಡಿದವರು ಈ ಮನೆಗೆ ಬಂದು ನೋಡಬೇಕಿತ್ತು. ಉಂಡರು, ಮಲಗಿದರು, ಎದ್ದರು, ಮಾತು ಮಾತ್ರ ಇಲ್ಲ. ಪವಿತ್ರಾ ಕೊಟ್ಟಿಗೆಯಲ್ಲಿ ಒಬ್ಬಳೇ ಅತ್ತಳು. ಅವನ ಮೇಲೆ ಅವಳಿಗೆ ಬೇಜಾರಿಗಿಂತ ಪ್ರೀತಿಯೇ ಹೆಚ್ಚಿತ್ತು, ಕಷ್ಟವಾಗಿದ್ದೇ ಅದರಿಂದ. ಅತ್ತು ಮುಗಿಸಿ, ಮುಖ ತೊಳೆದು, ಹೋಗುವುದೇ ಸೈ ಎಂದು ಸೀರೆಗಳನ್ನು ಮಡಿಸಿ ಚೀಲಕ್ಕಿಟ್ಟಳು. ಇತ್ತ ಟೀ ಅಂಗಡಿಯಲ್ಲಿ ಅವನನ್ನು ಕೆಣಕುತ್ತಿದ್ದ ಬಾಯಿಗಳು ಮುಚ್ಚಿಹೋಗಿದ್ದವು. "ಗಂಡುನ್ನೇ ಬುಡ್ನಿಲ್ಲ ಆಯಮ್ಮ. ಅಂತೋಳು ಒಬ್ಳು ಮನೇಲಿದ್ರೆ ಸಾಕು ಕಣ್ಲಾ" ಎಂದು ಚಿಕ್ಕಬಸಪ್ಪ ಎಲ್ಲರ ಮುಂದೆ ಹೇಳಿದನಂತೆ. ಅದು ಅವಳಿಗೆ ಗೊತ್ತಾದದ್ದು ಬಹಳ ದಿನದ ಮೇಲೆ.

ಅಧಿಕಾರಿಣಿ ಜಯಲಕ್ಷ್ಮಮ್ಮ ಬಂದಾಗ ಉಮಾಶಂಕರ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತ. ಪವಿತ್ರಾ ಟೀ ತಂದಿಟ್ಟು ಗೋಡೆಗೆ ಒರಗಿದಳು. ಅವನು ಬೇಡ ಎಂದರೂ ತಾನು ಹೋಗುವವಳೇ ಎಂದು ಹೇಳಲು ಮಾತು ಜೋಡಿಸಿಕೊಂಡಿದ್ದಳು.

"ಕೆಲಸ ಸುಲಭ ಇಲ್ಲ ನೋಡಿ. ಊರೂರಲ್ಲೂ ದೊಡ್ಡ ಮನುಷ್ಯರಿರ್ತಾರೆ, ಹೆದರಿಸ್ತಾರೆ. ನಿಮ್ಮ ಮನೆಯವರ ಕೈಲಾಗುತ್ತಾ?" ಎಂದು ಜಯಲಕ್ಷ್ಮಮ್ಮ ಅವನನ್ನೇ ಕೇಳಿದರು.

"ನನ್ನಾಲ್ನೇ ವಾಪಸ್ ಕಳ್ಸವ್ಳೆ ಮೇಡಂ, ಇಡೀ ಊರ ಮುಂದೆ" ಎಂದ ಉಮಾಶಂಕರ. "ಇನ್ಯಾರ್ಗೆ ಎದ್ರುತಾಳೆ?"

ಆ ದನಿಯಲ್ಲಿದ್ದುದು ಜಂಬ. ಪವಿತ್ರಾ ಜೋಡಿಸಿಟ್ಟಿದ್ದ ಮಾತುಗಳಿಗೆ ಕೆಲಸವೇ ಉಳಿಯಲಿಲ್ಲ.

"ಹಾಗಾದ್ರೆ ನಿಮ್ಮದೇನೂ ಅಭ್ಯಂತರ ಇಲ್ಲ?"

ಅವನು ಕಾಲಿನ ಕೆಸರನ್ನು ಮೆಟ್ಟಿಲಿಗೆ ಉಜ್ಜಿದ. "ಭಾನ್ವಾರ ಮಾತ್ರ ತಪ್ದೆ ಕಳ್ಸ್ಬುಡಿ ಮೇಡಂ" ಎಂದ. "ಅವ್ಳಿಲ್ದೆ ಇದ್ರೆ ಮನೆ ಬಿಕೋ ಅಂತದೆ."