ಟೆಸ್ಟರನ್ನೂ ನಂಬದ ಟೆಸ್ಟರಪ್ಪ

"ಆ ಮನುಷ್ಯ ಕನ್ನಡಿ ನೋಡ್ಕೊಂಡ್ರೂ ಹಿಂದೆ ಯಾರಾದ್ರೂ ನಿಂತಿದಾರಾ ಅಂತ ತಿರುಗಿ ನೋಡ್ತಾನೆ" ಎನ್ನುತ್ತಿದ್ದಳು ಎದುರುಮನೆಯಾಕೆ. "ಹಾಲು ಕಾದಿದೆಯಾ ಅಂತ ನೋಡೋಕೂ ಟೆಸ್ಟರ್ ಅದ್ದುತ್ತಾನೆ ಕಣ್ರೀ" ಎಂದು ಕೆಳಮನೆಯವರು ಸೇರಿಸುತ್ತಿದ್ದರು. ಹಾಲಿನ ಮಾತು ಶುದ್ಧ ಸುಳ್ಳು. ಕನ್ನಡಿಯದ್ದು ಮಾತ್ರ ಆಣೆ ಮಾಡಿ ಅಲ್ಲಗಳೆಯಲಾರೆ.

ಟೆಸ್ಟರಪ್ಪ ವಿದ್ಯುತ್ ತಪಾಸಣೆಗಾರ. ಕಟ್ಟಡದಲ್ಲಿ ಹೊಸ ಯಂತ್ರ ಕೂರಿಸಿದರೆ ಆತನ ಸಹಿ ಬೀಳದೆ ಕರೆಂಟು ಕೊಡುವಂತಿರಲಿಲ್ಲ. ತಂತಿಯಲ್ಲಿ ಕರೆಂಟಿದೆಯೋ ಇಲ್ಲವೋ ತಿಳಿಯಲು ಟೆಸ್ಟರನ್ನು ಮೂರು ಸಲ ಮುಟ್ಟಿಸುತ್ತಿದ್ದ. ಮೊದಲು ಕರೆಂಟಿರುವ ಕಡೆ, ಟೆಸ್ಟರು ಉರಿಯುತ್ತದೆಯೇ ಎಂದು. ಆಮೇಲೆ ಆ ತಂತಿಗೆ. ಕಡೆಗೆ ಮತ್ತೆ ಕರೆಂಟಿರುವ ಕಡೆಗೇ. ನಡುವೆ ಟೆಸ್ಟರೇ ಕೆಟ್ಟುಹೋಗಿ ಸುಳ್ಳು ಹೇಳಿರಬಾರದಲ್ಲ!

ಒಂದು ಬೆಳಿಗ್ಗೆ ಮಗಳ ಫೋನು ಬಂತು. "ಅಪ್ಪಾ, ಇವ್ರು ಬರ್ತಿದಾರೆ. ಸಿಡುಕಬೇಡ." ಟೆಸ್ಟರಪ್ಪನ ಕಿವಿ ನೆಟ್ಟಗಾಯಿತು. ಹಿಂದೆಯೇ ಎಸಿ ಮೆಕ್ಯಾನಿಕ್ ಅಳಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕೆಲಸದ ದಿನ ಇಸ್ತ್ರಿ ಅಂಗಿ! ಕೈಯಲ್ಲಿ ಬೇರೆ ಸೇಬಿನ ಚೀಲ.

"ಹೆರಿಗೆ ಆಸ್ಪತ್ರೆ ತಾರಸಿ ಮೇಲಿನ ಎಸಿ ಮಾವ. ಹಳೇದು ಇಳಿಸಿ ಹೊಸದು ಕೂರಿಸಿದೀವಿ, ಅಷ್ಟೇ. ನಾಳೆ ವಾರ್ಡ್ ತೆಗೀಬೇಕಂತೆ. ಇಲ್ಲೇ ಒಂದು ಸಹಿ..."

"ಇಲ್ಲೇ ಯಾಕೆ ಅಳಿಯಂದ್ರೇ? ತಾರಸಿ ಓಡಿಹೋಗಿದೆಯಾ?"

"ನಿಮ್ಮ ಮಂಡಿ ನೋವು ಅಂತ..."

ತನ್ನ ಮಂಡಿಯ ಮೇಲೆ ಅಳಿಯನಿಗೆ ಇದ್ದಕ್ಕಿದ್ದಂತೆ ಉಕ್ಕಿದ ಈ ಕರುಣೆಯೇ ಟೆಸ್ಟರಪ್ಪನ ಅನುಮಾನಕ್ಕೆ ಎಣ್ಣೆ ಸುರಿಯಿತು. ಸೇಬನ್ನು ಮುಟ್ಟಲಿಲ್ಲ. ಆಸ್ಪತ್ರೆಗೆ ಹೋಗಿ ಮೂರು ಮಹಡಿ ಹತ್ತಿದ. ಅಪ್ಪನ ಸ್ವಭಾವ ಬಲ್ಲ ಮಗಳೂ ಹಿಂದೆಯೇ ಓಡಿ ಬಂದಳು.

ತಾರಸಿಯಲ್ಲಿ ಟೆಸ್ಟರಪ್ಪ ಮೊಣಕಾಲೂರಿ ಹೊಸ ಯಂತ್ರದ ಬದಿಗಿದ್ದ ತಗಡಿನ ಫಲಕ ಓದಿದ. ಮೂವತ್ತು ಆಂಪಿಯರ್‌ಗಿಂತ ದೊಡ್ಡ ಬ್ರೇಕರ್ ಕೂಡದು ಎಂದಿತ್ತು. ಸ್ವಿಚ್ ಪೆಟ್ಟಿಗೆ ತೆಗೆದರೆ ಹಳೆಯ ಯಂತ್ರದ ಐವತ್ತರ ಬ್ರೇಕರ್ ಹಾಯಾಗಿ ಕೂತಿದೆ.

"ಹದಿನೈದು ವರ್ಷ ಇದ್ರಲ್ಲೇ ಓಡಿದೆ ಮಾವ. ದೊಡ್ಡದಿದ್ರೆ ಇನ್ನೂ ಒಳ್ಳೇದಲ್ವಾ?"

"ಈ ಹೊಸದು ಮಿತಾಹಾರಿ. ಇದರ ಹೊಟ್ಟೆ ಕೆಟ್ಟಾಗ ಮೂವತ್ತರದ್ದಾದ್ರೆ ಬೇಗ ಬಿದ್ದು ಕರೆಂಟ್ ಕಡಿಯುತ್ತೆ. ನಿಮ್ಮ ಐವತ್ತರದ್ದು ಯಂತ್ರ ಸುಡೋವರೆಗೂ ನೋಡ್ತಾ ಕೂತಿರುತ್ತೆ. ಕೆಳಗೆ ಬಾಣಂತಿಯರು!"

ಆಮೇಲೆ ಯಂತ್ರದ ರಿಪೇರಿ ಬಾಗಿಲ ಮುಂದೆ ನಿಂತು, ಅಲ್ಲಿಂದ ಆ ಸ್ವಿಚ್ ಕಾಣುತ್ತದೆಯೇ ಎಂದು ನೋಡಿದ. ಕಾಣಲಿಲ್ಲ. ಹಳೆಯ ಯಂತ್ರದ ಬಾಗಿಲು ಸ್ವಿಚ್ಚಿನ ಕಡೆಗಿತ್ತು. ಹೊಸದರದ್ದು ಆಚೆ ಬದಿಗೆ. ನಡುವೆ ಆಳೆತ್ತರದ ಯಂತ್ರ. ಇಲ್ಲಿ ಒಬ್ಬ ಒಳಗೆ ಕೈ ಹಾಕಿದಾಗ ಅಲ್ಲಿ ಇನ್ನೊಬ್ಬ ಬಂದು ಸ್ವಿಚ್ ಒತ್ತಿದರೆ?

"ಬೇಕಂತಲೇ ಮುಚ್ಚಿಟ್ಟು ಸಹಿಗೆ ಬಂದ್ರಿ! ಕಳ್ಳ ಕೆಲಸ!" ದಾದಿಯರು, ಕೂಲಿಯವರು ಎಲ್ಲರ ಎದುರಿಗೇ ಗುಡುಗಿದ. ಅಳಿಯನ ಮುಖ ಸುಣ್ಣವಾಯಿತು. ಬಾಗಿಲು ತಿರುಗಿದ್ದನ್ನು ಅವನು ಆಗಷ್ಟೇ ಗಮನಿಸಿದ್ದ.

ಮಗಳು ಅಪ್ಪನ ಮುಂದೆ ಬಂದು ನಿಂತಳು. "ಗೊತ್ತಿಲ್ದೇ ಮಾಡಿದ್ದೂ ಕಳ್ಳತನವೂ ನಿನ್ನ ಟೆಸ್ಟರ್‌ನಲ್ಲಿ ಒಂದೇ ಥರ ಉರಿಯುತ್ತಾ ಅಪ್ಪಾ? ಟೆಸ್ಟರನ್ನ ಮೂರು ಸಲ ನೋಡ್ತೀಯ. ಇವ್ರನ್ನ ಒಂದು ಸಲವೂ ಕೇಳಲಿಲ್ಲ."

ವಾರ್ಡ್ ತೆರೆಯಲು ನಾಲ್ಕು ದಿನ ತಡವಾಯಿತು. ಅಳಿಯ ಬ್ರೇಕರ್ ಬದಲಿಸಿದ, ಸ್ವಿಚ್ಚನ್ನು ಬಾಗಿಲ ಕಡೆಗೆ ತಂದ. ಟೆಸ್ಟರಪ್ಪ ಮತ್ತೆ ಹತ್ತಿ ನೋಡಿ ಸಹಿ ಹಾಕಿದ. ಆದರೆ ಮಗಳು ತವರಿನ ಮೆಟ್ಟಿಲು ತುಳಿಯಲಿಲ್ಲ. ಒಂದು ವರ್ಷ, ಎರಡು ವರ್ಷ. ಫೋನು ರಿಂಗಾದಾಗಲೆಲ್ಲ ಆತ ಎದ್ದು ಕೂರುತ್ತಿದ್ದ. ತಾನಾಗಿ ಮಾಡಲು ಮಾತ್ರ ಬೆರಳು ಬಗ್ಗಲಿಲ್ಲ.

ಮೂರನೆಯ ವರ್ಷ ಮಂಡಿ ಪೂರ್ತಿ ಕೈಕೊಟ್ಟಿತು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೇಲಂತಸ್ತಿನ ಬಾಡಿಗೆ ಮನೆಯಲ್ಲಿ ಒಬ್ಬನೇ. ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಅಳಿಯ ನಿಂತಿದ್ದ, ಈ ಸಲ ಮಾಸಿದ ಕೆಲಸದ ಅಂಗಿಯಲ್ಲಿ.

"ನಮ್ಮನೇಲಿ ಮೆಟ್ಟಿಲಿಲ್ಲ ಮಾವ. ಹೊರಡಿ."

"ಯಾಕೆ ಬಂದ್ರಿ? ಅವಳು ಕಳಿಸಿದ್ಲಾ?"

"ಕಳಿಸಿದ್ಲು. ಕಳಿಸದಿದ್ರೂ ಬರ್ತಿದ್ದೆ. ಯಾವುದಕ್ಕೂ ಇದನ್ನೂ ಮೂರು ಸಲ ಕೇಳ್ಕೊಳ್ಳಿ."

ಟೆಸ್ಟರಪ್ಪ ಕೇಳಲಿಲ್ಲ. "ಅವತ್ತು... ಎಲ್ಲರ ಮುಂದೆ ಹಾಗಂದಿದ್ದು ತಪ್ಪಪ್ಪ."

"ಬ್ರೇಕರ್ ವಿಷಯ ಸರಿಯಾಗೇ ಹೇಳಿದ್ರಿ ಬಿಡಿ" ಎಂದ ಅಳಿಯ.

ಪೆಟ್ಟಿಗೆ ಕಟ್ಟಿದ್ದಾಯಿತು. ಗೋಡೆಯ ಗೀಸರ್ ಬಿಚ್ಚುವುದೊಂದೇ ಬಾಕಿ. ಅಳಿಯ ಅದರ ಬ್ರೇಕರ್ ಇಳಿಸಿ, ತನ್ನ ಟೆಸ್ಟರನ್ನು ಪಕ್ಕದ ಪ್ಲಗ್ಗಿಗೆ, ಗೀಸರಿನ ತಂತಿಗೆ, ಮತ್ತೆ ಪ್ಲಗ್ಗಿಗೆ ಮುಟ್ಟಿಸಿ ಗೀಸರ್ ಬಿಚ್ಚಿದ. ಬರಿ ತಂತಿಯ ತುದಿಗಳನ್ನು ಮುಚ್ಚಿ, ಮೇನ್ ಸ್ವಿಚ್ಚನ್ನೂ ಆರಿಸಿದ.

"ನೀವೊಮ್ಮೆ ನೋಡ್ತೀರಾ ಮಾವ?"

ಟೆಸ್ಟರಪ್ಪನ ಕೈ ಜೇಬಿಗೆ ಹೋಯಿತು. ಬೆರಳುಗಳು ಟೆಸ್ಟರಿನ ಹಿಡಿಯನ್ನು ಹುಡುಕಿ ಹಿಡಿದವು.

"ನೋಡಿದೆಯಲ್ಲಪ್ಪ ನೀನು" ಎಂದ.

ಜೇಬಿನಿಂದ ಕೈ ಹೊರಗೆ ಬರಲಿಲ್ಲ. ಇನ್ನೊಂದು ಕೈಯಲ್ಲಿ ಅಳಿಯನ ಭುಜ ಹಿಡಿದು ಮೆಟ್ಟಿಲಿಳಿದ. ನಡುವೆ ಒಂದು ಸಲ ನಿಂತು ಹಿಂದಿರುಗಿ ನೋಡಿದ. ಬಾಗಿಲಲ್ಲಿ ನಿಂತಿದ್ದ ಎದುರುಮನೆಯಾಕೆ ನಕ್ಕಳು. ಆಮೇಲೆ ಇಳಿದೇ ಹೋದ.