ಹುಟ್ಟಬಾರದಿದ್ದ ಎರಡು ಹೆಣ್ಣು ಚಿಟ್ಟೆಗಳು

೨೦೧೬ರಲ್ಲಿ ನಾನು ಚೆನ್ನೈನ ಗಿಂಡಿಯಲ್ಲಿದ್ದ ಒಂದು ಜೆನೆಟಿಕ್ಸ್ ಲ್ಯಾಬಿನಲ್ಲಿ ಸೀನಿಯರ್ ಟೆಕ್ನಿಕಲ್ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಹುಳ ಸಾಕುವುದು. ಮಹಡಿಯ ಮೇಲೆ ಬಲೆ ಕಟ್ಟಿದ ಚಿಟ್ಟೆಮನೆಯಿತ್ತು. ಅಲ್ಲಿ ನನ್ನ ಮಾತೇ ಕಾನೂನು, ಪ್ರೊಫೆಸರ್ ಕೂಡ ಚಪ್ಪಲಿ ಬಿಟ್ಟೇ ಒಳಗೆ ಬರಬೇಕಿತ್ತು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬೆಳಿಗ್ಗೆ ಎಂಟಾದರೆ ಕಾಲು ತಾನಾಗಿಯೇ ಗಿಂಡಿಯ ದಾರಿ ಹಿಡಿಯಲು ನೋಡುತ್ತದೆ. ಆ ಬಲೆಮನೆಯ ಸೆಕೆ ಕೂಡ ಈಗ ಬೇಕೆನಿಸುತ್ತದೆ.

ಆ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಕಯಲ್, ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಕಾಸಿಮೇಡಿನವಳು. ಅವಳಮ್ಮ ಅಲ್ಲಿನ ಬಂದರಿನ ಹರಾಜಿನಲ್ಲಿ ಮೀನು ಮಾರುತ್ತಿದ್ದರು. ಅವಳ ಫೆಲೋಶಿಪ್ ಮುಗಿಯಲು ಆರೇ ತಿಂಗಳಿತ್ತು. ಅಷ್ಟರಲ್ಲಿ ಥೀಸಿಸ್ ಆಗದಿದ್ದರೆ ಮನೆಯಿಂದ ಒಂದು ರೂಪಾಯಿಯ ಆಸರೆಯೂ ಇರಲಿಲ್ಲ. ನಮ್ಮ ಮಾತುಕತೆಯೆಲ್ಲ ತಮಿಳಿನಲ್ಲೇ. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನಾನು ಅವಳನ್ನು ಬೈಯುತ್ತಿದ್ದೆ.

ಅವಳ ವಿಷಯ ಎರಡು ಜಾತಿಯ ಚಿಟ್ಟೆಗಳ ಮಿಶ್ರತಳಿ, ಅಂದರೆ ಹೈಬ್ರಿಡ್. ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡುವ ಕಾಮನ್ ಮಾರ್ಮನ್ ತಾಯಿ, ಕಪ್ಪು ರೆಕ್ಕೆಯ ಮೇಲೆ ನೀಲಿ ಚೆಲ್ಲಿದಂತಿರುವ ಬ್ಲೂ ಮಾರ್ಮನ್ ತಂದೆ. ಇವು ತಾವಾಗಿ ಕೂಡುವುದು ಅಪರೂಪ. ಎರಡನ್ನೂ ಬೆರಳಲ್ಲಿ ಹಿಡಿದು, ಗಂಡಿನ ಹೊಟ್ಟೆಯ ತುದಿಯನ್ನು ಮೆಲ್ಲಗೆ ಒತ್ತಿ ಜೋಡಿ ಮಾಡಬೇಕು. ನನಗೆ ಹತ್ತರಲ್ಲಿ ಮೂರು ಜೋಡಿ ಕೂಡಿದರೆ ಅವಳಿಗೆ ಏಳು. ಮೀನಿನ ಮುಳ್ಳು ಬಿಡಿಸಿದ ಕೈ ಅದು.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು. ಮನುಷ್ಯರಲ್ಲಿ ಎರಡು ಬೇರೆ ಬೇರೆ ಲಿಂಗ ಕ್ರೋಮೋಸೋಮ್ ಇರುವುದು ಗಂಡಿಗೆ. ಚಿಟ್ಟೆಗಳಲ್ಲಿ ಉಲ್ಟಾ, ಅದು ಹೆಣ್ಣಿಗೆ. ಅವಕ್ಕೆ ಜೆಡ್ ಮತ್ತು ಡಬ್ಲ್ಯೂ ಎಂದು ಹೆಸರು. ಮಗಳು ಡಬ್ಲ್ಯೂವನ್ನು ತಾಯಿಯಿಂದಲೂ, ಜೆಡ್ಡನ್ನು ತಂದೆಯಿಂದಲೂ ಪಡೆಯುತ್ತಾಳೆ. ಜಾತಿಗಳು ಬೆರೆತಾಗ ಪೆಟ್ಟು ಬೀಳುವುದು ಹೆಚ್ಚಾಗಿ ಇಂಥ ಎರಡು ಬಗೆಯ ಕ್ರೋಮೋಸೋಮ್ ಇರುವ ಲಿಂಗಕ್ಕೇ. ಹಾಗಾಗಿ ಹೈಬ್ರಿಡ್ ಚಿಟ್ಟೆಗಳಲ್ಲಿ ಗಂಡು ಬದುಕುತ್ತದೆ. ಹೆಣ್ಣು ಸಾಯುತ್ತದೆ, ಇಲ್ಲವೇ ಬಂಜೆಯಾಗುತ್ತದೆ.

ನಮ್ಮ ಮೊದಲ ಸುತ್ತಿನಲ್ಲಿ ಹದಿನೇಳು ಗಂಡು ಹೊರಬಂದವು. ಜೊತೆಗೆ ಎರಡು ಹೆಣ್ಣು! ಅವನ್ನು ಕಾಮನ್ ಮಾರ್ಮನ್ ಗಂಡಿನೊಂದಿಗೆ ಕೂಡಿಸಿದರೆ ಮೊಟ್ಟೆಯಿಟ್ಟವು, ಮೊಟ್ಟೆ ಒಡೆದು ಮರಿಗಳೂ ಬಂದವು. ಪ್ರೊಫೆಸರ್ ಕಾರಿಡಾರಿನಲ್ಲಿ ಹಾಡು ಗುನುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆಣ್ಣುಗಳೆರಡೂ ತಾಯಿಯ ಪಡಿಯಚ್ಚಿನಂತಿದ್ದವು. ಆ ರೆಕ್ಕೆಯ ಚಿತ್ತಾರದ ಜೀನ್ ಪ್ರಬಲವಾದದ್ದು, ಆಶ್ಚರ್ಯವೇನಿಲ್ಲ ಎಂದುಕೊಂಡೆವು. ಗಂಡುಗಳಲ್ಲಿ ಒಂದಕ್ಕೆ ನೀಲಿಯ ಸುಳಿವೇ ಇರಲಿಲ್ಲ. ಹೆತ್ತ ಮಕ್ಕಳೆಲ್ಲ ಒಂದೇ ಬಣ್ಣವೇ ಎಂದು ನಕ್ಕು ಬಿಟ್ಟೆವು. ಡಿಎನ್ಎ ಪರೀಕ್ಷೆಯನ್ನು ಜರ್ನಲ್ಲಿಗೆ ಪೇಪರ್ ಕಳಿಸಿದ ಮೇಲೆ, ವಿಮರ್ಶಕರು ಕೇಳಿದರೆ ಮಾಡೋಣ ಎಂದರು ಪ್ರೊಫೆಸರ್. ಶುಕ್ರವಾರ ಕಳಿಸುವುದೆಂದು ತೀರ್ಮಾನವಾಯಿತು.

ಬುಧವಾರ ಸಂಜೆ ನಾನು ಸೈದಾಪೇಟೆಯ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮವ್ವ ಹಿತ್ತಲಿನ ಗಿಡದಿಂದ ಕರಿಬೇವು ತಂದು ತೊಳೆಯುತ್ತಿದ್ದಳು. ಅಪ್ಪ ರೈಲ್ವೆ ನೌಕರಿಗೆಂದು ಗದಗದಿಂದ ಬಂದು ಐವತ್ತು ವರ್ಷವಾಗಿತ್ತು. ಅವ್ವನ ಮಾತು ಮಾತ್ರ ಇನ್ನೂ ಗದಗದಲ್ಲೇ ಇತ್ತು.

"ಏ ಗಿರಿಜಾ, ಇಲ್ಲಿ ನೋಡು. ನಿನ್ನ ಹುಳದ ತತ್ತಿ ನಮ್ಮ ಎಲಿಗೂ ಅಂಟ್ಯಾವ. ತೊಳೀಲಾರದ ಹಂಗ ಒಯ್ದು ಹಾಕ್ತೀಯೇನು ಅವಕ್ಕ?"

ಎಲೆಯ ತುದಿಯಲ್ಲಿ ಗಸಗಸೆಗಿಂತ ತುಸು ದಪ್ಪನೆಯ, ತಿಳಿ ಹಳದಿಯ ಎರಡು ಮೊಟ್ಟೆಗಳಿದ್ದವು. ಬಾಣಲೆಯ ಸಾಸಿವೆ ಸೀದೇ ಹೋಯಿತು.

ಮಾರ್ಕೆಟ್ಟಿನ ಕರಿಬೇವಿಗೆ ಔಷಧಿ ಹೊಡೆದಿರುತ್ತಾರೆ. ಅದನ್ನು ತಿಂದು ಒಂದು ಪಂಜರದ ಹುಳಗಳೆಲ್ಲ ಸತ್ತ ಮೇಲೆ ನಾನೇ ಮನೆಯ ಗಿಡದ ಎಲೆ ಒಯ್ಯತೊಡಗಿದ್ದೆ. ಒದ್ದೆ ಎಲೆ ತಿಂದರೆ ಹುಳಕ್ಕೆ ಭೇದಿ ಹತ್ತುತ್ತದೆ. ಆದ್ದರಿಂದ "ಎಲೆ ತೊಳೆಯಬಾರದು" ಎಂದು ಚಿಟ್ಟೆಮನೆಯ ಬಾಗಿಲಿಗೆ ಕೆಂಪು ಮಸಿಯಲ್ಲಿ ಬರೆದವಳೂ ನಾನೇ. ಪುಟ್ಟ ಮರಿಗಳು ಬಹಳ ಸಾಯುತ್ತವೆ, ಎರಡು ಸಲ ಪೊರೆ ಬಿಟ್ಟ ಮೇಲೆ ಎಣಿಸಿದರೆ ಸಾಕು ಎಂಬ ಪದ್ಧತಿಯೂ ನನ್ನದೇ. ಅಷ್ಟರೊಳಗೆ ಎಲೆಗಂಟಿ ಬಂದ ಹೊರಗಿನ ಮರಿ ಸೇರಿಕೊಂಡರೂ ಲೆಕ್ಕದಲ್ಲಿ ತಿಳಿಯುತ್ತಿರಲಿಲ್ಲ. ಅಡುಗೆ ಬಲ್ಲ ಯಾವ ಹೆಂಗಸೂ ಮಾಡದ ತಪ್ಪನ್ನು ಇಪ್ಪತ್ತೇಳು ವರ್ಷ ಸರ್ವಿಸ್ ಆದ ನಾನು ಮಾಡಿದ್ದೆ. ಆ ಹೆಣ್ಣುಗಳು ಹೈಬ್ರಿಡ್ ಅಲ್ಲದಿರಬಹುದು. ಸೈದಾಪೇಟೆಯ ನಮ್ಮ ಹಿತ್ತಲಿನವೇ ಇರಬಹುದು.

ಗುರುವಾರ ಪೂರ್ತಿ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಮರ್ಯಾದೆಯ ಚಿಂತೆ ಇದ್ದೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಕಯಲ್ ಅಂದು ಹೊಸ ಚೂಡಿದಾರ್ ಹಾಕಿಕೊಂಡು ಬಂದಿದ್ದಳು. ಅವಳ ಮುಖ ನೋಡಿದಾಗಲೆಲ್ಲ ಹೇಳಹೊರಟದ್ದನ್ನು ಬಿಟ್ಟು ಪಂಜರ ಒರೆಸತೊಡಗುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಅವಳನ್ನು ಬಲೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ.

"ಯಾವಾಗ ಗೊತ್ತಾಯ್ತು ಅಕ್ಕಾ?"

"ಬುಧವಾರ."

"ನಿನ್ನೆ ಇಡೀ ದಿನ ನನ್ನ ಜೊತೆ ಕೂತು ಊಟ ಮಾಡಿದ್ರಲ್ಲಾ," ಎಂದಳು. ಅದಕ್ಕಿಂತ ದೊಡ್ಡ ಬೈಗುಳ ನನ್ನ ಸರ್ವಿಸ್ಸಿನಲ್ಲಿ ನನಗೆ ಬಿದ್ದಿಲ್ಲ.

ಆಮೇಲೆ ಅವಳೇ ಕತ್ತರಿ ತೆಗೆದುಕೊಂಡು ಎರಡೂ ಹೆಣ್ಣುಗಳ ಒಂದೊಂದು ಕಾಲಿನ ತುದಿ ಕತ್ತರಿಸಿದಳು. ಚಿಟ್ಟೆಗೆ ಅದರಿಂದ ದೊಡ್ಡ ತೊಂದರೆಯಿಲ್ಲ, ಡಿಎನ್ಎಗೆ ಅಷ್ಟು ಸಾಕು. ನಾನು ಪ್ರೊಫೆಸರರ ಕೋಣೆಗೆ ಹೋಗಿ ಪೇಪರ್ ತಡೆದೆ. ಅವರು ನನ್ನ ಮೇಲೆ ಕೂಗಾಡಿದರು, ನಾನು ನಿಂತು ಕೇಳಿಸಿಕೊಂಡೆ. ಮುಂದಿನ ವಾರ ಫಲಿತಾಂಶ ಬಂತು. ನಿಜವಾದ ಹೈಬ್ರಿಡ್ ಮಗಳಲ್ಲಿ ಬ್ಲೂ ಮಾರ್ಮನ್ನಿನ ಜೆಡ್ ಇರಲೇಬೇಕು. ಎರಡರಲ್ಲೂ ಇದ್ದದ್ದು ಕಾಮನ್ ಮಾರ್ಮನ್ನಿನದು.

ಕಯಲ್ ಮೊದಲಿನಿಂದ ಶುರುಮಾಡಿದಳು. ಫೆಲೋಶಿಪ್ ನಿಂತ ಮೇಲೆ ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಹಗಲು ಚಿಟ್ಟೆಮನೆಗೆ ಬರುತ್ತಿದ್ದಳು. ಒಂದೊಂದು ಎಲೆಯನ್ನೂ ಲೆನ್ಸಿನಡಿ ಇಟ್ಟು ನೋಡುವುದು ನನ್ನ ಕೆಲಸ. ಮೊಟ್ಟೆಯ ದಿನದಿಂದಲೇ ಎಣಿಕೆ. ಕೆಲವು ತಿಂಗಳು ಅವಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅಕ್ಕಾ ಎನ್ನುವುದನ್ನೂ ಬಿಟ್ಟು ಮೇಡಂ ಎನ್ನುತ್ತಿದ್ದಳು.

ಈ ಸಲ ಇಪ್ಪತ್ತೆರಡು ಗಂಡು ಹೊರಬಂದವು. ಹುಳ ಒಳಗಿದ್ದು ಚಿಟ್ಟೆಯಾಗುವ ಕೋಶಗಳಲ್ಲಿ ಒಂಬತ್ತು ಒಡೆಯಲೇ ಇಲ್ಲ. ಕೋಶದ ತುದಿಯಲ್ಲಿ ಗಂಡಿಗೂ ಹೆಣ್ಣಿಗೂ ಬೇರೆಯಾಗಿರುವ ಗುರುತಿನಿಂದ ಅವೆಲ್ಲ ಹೆಣ್ಣೆಂದು ನಮಗೆ ತಿಳಿದಿತ್ತು. ತಿಂಗಳು ಕಾದೆವು. ಕೊನೆಗೊಂದು ಮಧ್ಯಾಹ್ನ ಅವಳು ಒಂದು ಕೋಶವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿದಳು. ಒಳಗೆ ಹೆಣ್ಣು ಚಿಟ್ಟೆ ಪೂರ್ತಿ ತಯಾರಾಗಿತ್ತು, ಮಡಿಸಿಟ್ಟ ರೆಕ್ಕೆಯಲ್ಲಿ ತಾಯಿಯ ಚಿತ್ತಾರ, ಅದರ ಮೇಲೆ ತಂದೆಯ ನೀಲಿ. ಎಲ್ಲ ಆಗಿತ್ತು, ಹೊರಗೆ ಬರುವುದೊಂದು ಆಗಿರಲಿಲ್ಲ. ಹುಟ್ಟಬಾರದಿದ್ದ ಎರಡಕ್ಕೆ ನಾವು ಕುಣಿದಿದ್ದೆವು, ನಿಜವಾದವು ಹೀಗೆ ಸದ್ದಿಲ್ಲದೆ ಸತ್ತಿದ್ದವು. ಕಯಲ್ ಕಣ್ಣೊರೆಸಿಕೊಂಡು ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟಳು.

"ಬಂದು ನೋಡಿ ಅಕ್ಕಾ," ಎಂದಳು.

ಅವಳ ಥೀಸಿಸ್ಸಿನ ಮುಖ್ಯ ಅಧ್ಯಾಯ ಆ ಒಂಬತ್ತು ಕೋಶಗಳ ಮೇಲೆಯೇ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬೇಡದ ಫಲಿತಾಂಶ ಬಂದರೆ ಹತ್ತು ಸಲ ಪರೀಕ್ಷಿಸುವ ನಾವು, ಬೇಕಾದದ್ದು ಬಂದಾಗ ಒಂದು ಸಲವೂ ಪರೀಕ್ಷಿಸುವುದಿಲ್ಲ. ತಪ್ಪು ಒಳಗೆ ಬರುವುದು ಆಗಲೇ. ತಪ್ಪನ್ನು ಒಪ್ಪಿಕೊಂಡರೆ ಕ್ಷಮೆ ಸಿಗುತ್ತದೆ, ಆದರೆ ಸುಮ್ಮನೆ ಕಳೆದ ಆ ಒಂದು ಗುರುವಾರದ ನೋವು ಇವತ್ತಿಗೂ ಹೋಗಿಲ್ಲ.